ಮುರಿದ ಹವಳವನ್ನು ಮತ್ತೆ ನೆಡುವುದು ಹೇಗೆ?

ಮುರ್ಡೇಶ್ವರದಿಂದ ದೋಣಿಯಲ್ಲಿ ಸುಮಾರು 19 ಕಿ.ಮೀ. ಹೋದರೆ ನೇತ್ರಾಣಿ ಗುಡ್ಡ. ಅಲ್ಲಿ ನೀರಿಗಿಳಿದವರ ಕಣ್ಣು ಬಣ್ಣದ ಮೀನುಗಳ ಮೇಲಿರುತ್ತದೆ. ಆ ಮೀನುಗಳಿಗೆ ಆಸರೆಯಾದ ಹವಳವನ್ನು ಕಲ್ಲೆಂದುಕೊಂಡು ಕೆಲವರು ಅದರ ಮೇಲೇ ಕಾಲೂರುತ್ತಾರೆ. ಅದು ಬರೀ ಕಲ್ಲಲ್ಲ, ಸಾವಿರಾರು ಪುಟ್ಟ ಜೀವಿಗಳು ಸುಣ್ಣ ಒಸರಿ ಕಟ್ಟಿಕೊಂಡ ಮನೆ. ಉಂಡೆಯಾಕಾರದ ಹವಳ ವರ್ಷಕ್ಕೆ ಒಂದು ಸೆಂಟಿಮೀಟರಿನ ಆಸುಪಾಸು ಬೆಳೆಯುತ್ತದೆ, ಅಷ್ಟೆ. ಕಡಲತಳದ ಶೇ 1ಕ್ಕಿಂತ ಕಡಿಮೆ ಜಾಗದಲ್ಲಿರುವ ಹವಳದ ದಿಬ್ಬಗಳನ್ನು ಕಡಲಜೀವಿಗಳ ಸುಮಾರು ಕಾಲು ಭಾಗ ನಂಬಿಕೊಂಡಿವೆ. ದಿಬ್ಬ ಹಾಳಾದರೆ ಮೀನುಮರಿಗೆ ಅಡಗಲು ಸಂದಿಲ್ಲ, ಬಲೆಗೆ ಮೀನಿಲ್ಲ.

ಹವಳ ನೆಡುವ ಮೊದಲು ಒಪ್ಪಿಗೆ ಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಶಿಷ್ಟದಲ್ಲಿ ಹುಲಿಯ ಜೊತೆಗೆ ಹವಳವೂ ಇದೆ. ಅರಣ್ಯ ಇಲಾಖೆಯ ಅನುಮತಿ ಮತ್ತು ಕಡಲ ವಿಜ್ಞಾನಿಗಳ ಉಸ್ತುವಾರಿ ಇಲ್ಲದೆ ಒಂದು ತುಂಡನ್ನೂ ಮುಟ್ಟುವಂತಿಲ್ಲ.

ಮುಂದಿನದು, ಹಾಳಾಗಲು ಕಾರಣವೇನೆಂದು ಹುಡುಕಿ ನಿಲ್ಲಿಸುವುದು. ಇದನ್ನು ಬಿಟ್ಟು ಎಷ್ಟು ನೆಟ್ಟರೂ ವ್ಯರ್ಥ. ಲಂಗರಿನಿಂದ ಮುರಿಯುತ್ತಿದ್ದರೆ ದೋಣಿ ಕಟ್ಟಲು ಕಾಯಂ ತೇಲುಬುಂಡೆ ಹಾಕಿಸಬೇಕು. ಹರಿದ ನೈಲಾನ್ ಬಲೆ ಸುತ್ತಿಕೊಂಡಿದ್ದರೆ ದಯವಿಟ್ಟು ಎಳೆಯಬೇಡಿ, ಕೊಂಬೆ ಸಮೇತ ಕಿತ್ತು ಬರುತ್ತದೆ. ಒಬ್ಬರು ಬಲೆಯನ್ನು ಸಡಿಲವಾಗಿ ಎತ್ತಿ ಹಿಡಿಯಬೇಕು, ಇನ್ನೊಬ್ಬರು ಕತ್ತರಿಯಿಂದ ಒಂದೊಂದೇ ಕಣ್ಣು ಕತ್ತರಿಸುತ್ತ ಹೋಗಬೇಕು. ಹವಳದೊಳಗೆ ಪೂರ್ತಿ ಹೂತುಹೋದ ದಾರವನ್ನು ಅಲ್ಲೇ ಬಿಡುವುದು ಮೇಲು.

ಇನ್ನು ನೆಡುವುದು. ಕಾಳುಮೆಣಸಿನ ಬಳ್ಳಿಯ ತುಂಡಿನಿಂದ ಹೊಸ ಬಳ್ಳಿ ಎಬ್ಬಿಸುವುದು ಶಿರಸಿಯ ತೋಟಿಗರಿಗೆ ಗೊತ್ತಿರುವ ವಿದ್ಯೆ. ಇದೂ ಹಾಗೆಯೇ. ಮುರಿದು ಮರಳಲ್ಲಿ ಹೊರಳಾಡುತ್ತಿರುವ, ಇನ್ನೂ ಜೀವವಿರುವ ತುಂಡುಗಳನ್ನೇ ಆರಿಸಬೇಕು, ಬೆರಳುದ್ದದವು ಸಾಕು. ಸಾಗಿಸುವಾಗ ಸಮುದ್ರದ ನೀರಲ್ಲೇ, ನೆರಳಲ್ಲಿ ಇಡಬೇಕು. ಬಂಡೆಯ ಮೇಲಿನ ಪಾಚಿಯನ್ನು ತಂತಿಬ್ರಷ್‌ನಿಂದ ಬಿಳಿ ಕಾಣುವವರೆಗೆ ಉಜ್ಜಿ, ನೀರಲ್ಲಿ ಗಟ್ಟಿಯಾಗುವ ಅಂಟು ಅಥವಾ ಸಿಮೆಂಟಿಟ್ಟು ತುಂಡನ್ನು ಒತ್ತಿ ಕೂರಿಸಬೇಕು. ಅಲುಗಿದರೆ ಅದು ಹಿಡಿಯುವುದಿಲ್ಲ. ನೆಲ ಬರೀ ಮರಳಾಗಿದ್ದರೆ ಸಿಮೆಂಟಿನ ಹಲಗೆಯೇ ಗತಿ. ಸುಣ್ಣಕ್ಕಾಗಿ ಹವಳ ಅಗೆದು ಬೋಳಾಗಿದ್ದ ಮನ್ನಾರ್ ಕೊಲ್ಲಿಯಲ್ಲಿ, ತೂತ್ತುಕುಡಿಯ ಬಳಿ, 2002ರಿಂದ ಹೀಗೆ ನೆಡುತ್ತ ಬಂದಿದ್ದಾರೆ.

ನಮ್ಮ ಕಡಲಿಗೆ ಮಳೆಗಾಲ ಕಳೆದು ನೀರು ತಿಳಿಯಾದ ಮೇಲಿನ ತಂಪು ತಿಂಗಳುಗಳೇ ಸರಿ. ಬೇಸಿಗೆಯ ಕೊನೆಯಲ್ಲಿ ಬೇಡವೇ ಬೇಡ. ನೀರು ಎಂದಿನ ಬೇಸಿಗೆಗಿಂತ ಒಂದೇ ಡಿಗ್ರಿ ಹೆಚ್ಚು ಬಿಸಿಯಾಗಿ ಕೆಲವು ವಾರ ಹಾಗೇ ಉಳಿದರೆ, ಹವಳ ತನ್ನ ಮೈಯೊಳಗೇ ಇದ್ದು ಅನ್ನ ಕೊಡುವ ಪಾಚಿಯನ್ನೇ ಹೊರಹಾಕಿ ಬೆಳ್ಳಗಾಗುತ್ತದೆ. ಬಿಳಿಚಿದ್ದೆಲ್ಲ ಸತ್ತಿದ್ದಲ್ಲ. ನೀರು ತಣಿದರೆ ಬಣ್ಣ ಮರಳಬಹುದು. ಅಲ್ಲಿಯವರೆಗೆ ಮುಟ್ಟದೆ ಬಿಡಿ.

ನೆಟ್ಟವರು ಅಲ್ಲಿಗೆ ಮತ್ತೆ ಮತ್ತೆ ಹೋಗಲೇಬೇಕು. ಮುತ್ತಿದ ಪಾಚಿಯನ್ನು ಮೆದು ಬ್ರಷ್‌ನಿಂದ ತೆಗೆಯಬೇಕು, ಹವಳ ತಿನ್ನುವ ಬಸವನಹುಳುಗಳನ್ನು ಕೈಯಿಂದ ಹೆಕ್ಕಬೇಕು. ಪ್ರತಿ ಸಲವೂ ಅದೇ ಕೋನದಿಂದ, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಫೋಟೊ ತೆಗೆಯಿರಿ. ತುಂಡಿನ ತುದಿಗಿಂತ ಬುಡವನ್ನು ನೋಡಿ. ಅಂಟಿನ ಮೇಲೆ ತೆಳ್ಳಗೆ ಜೀವಂತ ಪೊರೆ ಹರಡತೊಡಗಿದ್ದರೆ ಹವಳ ಬಂಡೆಯನ್ನು ಹಿಡಿದಿದೆ.