ಓಡುವ ಮಕ್ಕಳಿಗೆ ಅಮೆರಿಕದಲ್ಲಿ ಕಾಲೇಜು ಹುಡುಕುವಾಗ

ಅಮೆರಿಕಕ್ಕೆ ಹೊಸದಾಗಿ ಬಂದ ನಮ್ಮವರ ಮಕ್ಕಳು ಹೈಸ್ಕೂಲಿನ ಕ್ರಾಸ್ ಕಂಟ್ರಿ (ಹುಲ್ಲು, ಮಣ್ಣಿನ ದಾರಿಗಳ ಮೇಲಿನ ದೂರದ ಓಟ) ತಂಡದಲ್ಲಿ ಚೆನ್ನಾಗಿ ಓಡತೊಡಗಿದಾಗ, ತಂದೆತಾಯಿಗೆ ಊರಿನ ಸಿಇಟಿಯ ಕ್ರೀಡಾ ಕೋಟಾ ನೆನಪಾಗುವುದು ಸಹಜ. ಇಲ್ಲಿ ಅಂಥ ಕೋಟಾ ಇಲ್ಲ. ಪ್ರಮಾಣಪತ್ರಗಳ ಕಟ್ಟಿಗೂ ಹೆಚ್ಚಿನ ಬೆಲೆಯಿಲ್ಲ. ಮಗು ಓಡಿದ ಸಮಯ, ಅದನ್ನು ನೋಡಿ ಪ್ರವೇಶ ವಿಭಾಗಕ್ಕೆ ಒಂದು ಮಾತು ಹೇಳಬಲ್ಲ ಕಾಲೇಜಿನ ಕೋಚ್, ಕೆಲಸಕ್ಕೆ ಬರುವುದು ಇವೆರಡೇ.

ಹಣದ ಆಸೆಯನ್ನು ಮೊದಲೇ ಬದಿಗಿಡುವುದು ಒಳ್ಳೆಯದು. ಕಾಲೇಜು ಕ್ರೀಡೆಗಳನ್ನು ನಡೆಸುವ ಎನ್‌ಸಿಎಎ ಸಂಸ್ಥೆ ಕಾಲೇಜುಗಳನ್ನು ಮೂರು ಡಿವಿಷನ್ನುಗಳಾಗಿ ವಿಂಗಡಿಸಿದೆ. ಅದರ ಮೂರನೆಯ ಡಿವಿಷನ್ನಿನಲ್ಲಿ ಕ್ರೀಡಾ ವಿದ್ಯಾರ್ಥಿವೇತನವೇ ಇಲ್ಲ. ಮೊದಲನೆಯ ಡಿವಿಷನ್ನಿನಲ್ಲಿದ್ದರೂ ಐವಿ ಲೀಗಿನ ಎಂಟು ವಿಶ್ವವಿದ್ಯಾಲಯಗಳು (ಹಾರ್ವರ್ಡ್, ಯೇಲ್ ಮುಂತಾದವು) ಅದನ್ನು ಕೊಡುವುದಿಲ್ಲ. ಅದೇ ಡಿವಿಷನ್ನಿನ ಉಳಿದ ಪ್ರತಿ ಕಾಲೇಜಿನಲ್ಲಿ ಪುರುಷರ ಟ್ರ್ಯಾಕ್ ಅಂಡ್ ಫೀಲ್ಡ್ ಮತ್ತು ಕ್ರಾಸ್ ಕಂಟ್ರಿಗೆ ಒಟ್ಟು 12.6, ಮಹಿಳೆಯರಿಗೆ 18 ವಿದ್ಯಾರ್ಥಿವೇತನಗಳ ಮಿತಿಯಿತ್ತು, ಅದರಲ್ಲೇ ಜಿಗಿಯುವವರಿಗೂ ಎಸೆಯುವವರಿಗೂ ಪಾಲು. 2025-26ರಿಂದ, ಆಟಗಾರರಿಗೆ ಹಣ ಕೊಡುವ ಬಗ್ಗೆ ನ್ಯಾಯಾಲಯದಲ್ಲಿ ಆದ ಹೊಸ ಒಪ್ಪಂದಕ್ಕೆ ಸೇರಿದ ಕಾಲೇಜುಗಳಲ್ಲಿ ಆ ಮಿತಿ ಹೋಗಿ, ಕ್ರಾಸ್ ಕಂಟ್ರಿ ತಂಡದಲ್ಲಿ 17 ಮಂದಿಗಿಂತ ಹೆಚ್ಚಿರಬಾರದೆಂಬ ಮಿತಿ ಬಂದಿದೆ.

ಓದಿನಲ್ಲೂ ಮುಂದಿರುವ ಮಕ್ಕಳಿಗೆ ಓಟ ನಿಜವಾಗಿ ನೆರವಾಗುವುದು ಮೂರನೆಯ ಡಿವಿಷನ್ನಿನಲ್ಲಿ ಎಂಬುದು ನನ್ನ ಅಭಿಪ್ರಾಯ. ಎಂಐಟಿ, ಶಿಕಾಗೊ ವಿಶ್ವವಿದ್ಯಾಲಯ, ವಿಲಿಯಮ್ಸ್, ಆಮ್‌ಹರ್ಸ್ಟ್ ಎಲ್ಲವೂ ಇರುವುದು ಅಲ್ಲಿಯೇ. ಇಂಥ ಕೆಲವು ಕಾಲೇಜುಗಳಲ್ಲಿ 11ನೇ ತರಗತಿ ಮುಗಿದ ಬೇಸಿಗೆಯಲ್ಲೇ ಕೋಚ್ ಮಗುವಿನ ಅಂಕಗಳನ್ನು ಪ್ರವೇಶ ವಿಭಾಗಕ್ಕೆ ತೋರಿಸಿ, ಅರ್ಜಿ ಹಾಕುವ ಮೊದಲೇ ಪ್ರವೇಶ ಸಿಗಬಹುದೇ ಎಂಬ ಅಲ್ಲಿನ ಅಂದಾಜನ್ನು ಕೇಳಿಕೊಳ್ಳುತ್ತಾರೆ.

ಸಮಯವನ್ನು ಹೋಲಿಸುವಾಗ ಕಾಲೇಜು ತಂಡದ ಮೊದಲ ಓಟಗಾರನನ್ನು ನೋಡಿ ಎದೆಗುಂದಬೇಡಿ. ಕ್ರಾಸ್ ಕಂಟ್ರಿ ಸ್ಪರ್ಧೆಯಲ್ಲಿ ಸಾಮಾನ್ಯವಾಗಿ ಏಳು ಮಂದಿ ಓಡಿ, ಮೊದಲು ಬಂದ ಐವರ ಸ್ಥಾನಗಳನ್ನು ಕೂಡಿ ತಂಡದ ಅಂಕ ಲೆಕ್ಕ ಹಾಕುತ್ತಾರೆ. ಆದ್ದರಿಂದ ಐದರಿಂದ ಏಳನೆಯವರು ಹೈಸ್ಕೂಲಿನಲ್ಲಿ 1600 ಮತ್ತು 3200 ಮೀಟರನ್ನು ಎಷ್ಟರಲ್ಲಿ ಓಡಿದ್ದರೆಂಬುದೇ ಸರಿಯಾದ ಅಳತೆ. ಕಾಲೇಜಿನಲ್ಲಿ ದೂರ ಹೆಚ್ಚುವುದರಿಂದ (ಪುರುಷರಿಗೆ 8 ಅಥವಾ 10 ಕಿಲೋಮೀಟರ್), ಹೋದ ವರ್ಷಕ್ಕಿಂತ ಈ ವರ್ಷ ಎಷ್ಟು ಸುಧಾರಿಸಿದ್ದಾರೆ ಎಂಬುದನ್ನೂ ಕೋಚ್‌ಗಳು ಗಮನಿಸುತ್ತಾರೆ.

ಕೋಚ್‌ಗೆ ಪತ್ರವನ್ನು ಮಗುವೇ ಬರೆಯಬೇಕು. ಮಗಳ ಪರವಾಗಿ ನಾನೇ ಉದ್ದನೆಯ ಇಮೇಲ್ ಕಳಿಸಿದ್ದೆ. ಬಂದ ಉತ್ತರ ಅವಳ ಹೆಸರಿಗಿತ್ತು, ಅದರಲ್ಲಿ ನನ್ನ ಪ್ರಸ್ತಾಪವೇ ಇರಲಿಲ್ಲ. ಮೊದಲನೆಯ ಡಿವಿಷನ್ನಿನ ಕೋಚ್‌ಗಳು 10ನೇ ತರಗತಿ ಮುಗಿದ ವರ್ಷದ ಜೂನ್ 15ರವರೆಗೆ ತಾವಾಗಿ ಸಂಪರ್ಕಿಸುವಂತಿಲ್ಲವಾದ್ದರಿಂದ, ಅಲ್ಲಿಯವರೆಗಿನ ಮೌನವನ್ನು ತಿರಸ್ಕಾರವೆಂದು ತಿಳಿಯಬೇಕಾಗಿಲ್ಲ.

ಕರ್ನಾಟಕದಿಂದ ನಡುವೆ ಬಂದ ಮಕ್ಕಳ 9ನೇ ತರಗತಿಯಿಂದೀಚಿನ ಅಂಕಪಟ್ಟಿಗಳನ್ನೂ ಎಸ್‌ಎಸ್‌ಎಲ್‌ಸಿ ಪತ್ರವನ್ನೂ ಜೋಪಾನವಾಗಿಡಿ. ಮೊದಲ ಎರಡು ಡಿವಿಷನ್ನುಗಳಲ್ಲಿ ಓಡಲು ಎನ್‌ಸಿಎಎಗೆ ಹೈಸ್ಕೂಲಿನ 16 ಮುಖ್ಯ ಕೋರ್ಸುಗಳ (ಇಂಗ್ಲಿಷ್, ಗಣಿತ, ವಿಜ್ಞಾನದಂಥವು) ಲೆಕ್ಕ ಒಪ್ಪಿಸುವಾಗ ಅವು ಬೇಕು. ಎಚ್-4 ವೀಸಾದ (ಎಚ್-1ಬಿಯಂಥ ಕೆಲಸದ ವೀಸಾದಲ್ಲಿರುವವರ ಕುಟುಂಬಕ್ಕೆ ಸಿಗುವ ವೀಸಾ) ಮಕ್ಕಳಿಗೆ ಫೆಡರಲ್ ಸರ್ಕಾರದ ವಿದ್ಯಾರ್ಥಿ ನೆರವು ಸಿಗದ ಕಾರಣ, ಕಾಲೇಜು ತನ್ನ ನಿಧಿಯಿಂದ ಎಷ್ಟು ಕೊಡುತ್ತದೆಂದು ಬರವಣಿಗೆಯಲ್ಲೇ ಕೇಳಿಕೊಳ್ಳಿ.

ಕಾಲೇಜು ನೋಡಲು ಹೋದಾಗ ಕೋಚ್‌ಗಿಂತ ಹೆಚ್ಚು ಹೊತ್ತು ಮಗು ಅಲ್ಲಿನ ಓಟಗಾರರೊಡನೆ ಮಾತನಾಡಲಿ. ಲ್ಯಾಬ್ ಮತ್ತು ಅಭ್ಯಾಸ ಒಂದೇ ವೇಳೆಗೆ ಬಿದ್ದರೆ ಯಾವುದನ್ನು ಬಿಡುತ್ತಾರೆ, ಕಳೆದ ವರ್ಷ ಎಷ್ಟು ಮಂದಿ ಗಾಯದಿಂದ ಕುಳಿತರು, ತಂಡ ಬಿಟ್ಟವರು ಇನ್ನೂ ಅದೇ ಕಾಲೇಜಿನಲ್ಲಿ ಓದುತ್ತಿದ್ದಾರೆಯೇ ಎಂದು ಕೇಳಲಿ.