ಕುಡಿ ತಂಬುಳಿಯ ದಿನಗಳು

ಫೆಬ್ರವರಿ ಕೊನೆಗೆ ನಮ್ಮ ಪುತ್ತೂರು ಕಡೆಯ ಗುಡ್ಡಗಳಲ್ಲಿ ಕೆಂಪು ಚಿಗುರು ಶುರುವಾಗುತ್ತದೆ. ಬಿಸಿಲೂ ಆಗಲೇ ಏರುತ್ತದೆ. ಮಧ್ಯಾಹ್ನದ ಊಟಕ್ಕೆ ತಂಪಾದದ್ದು ಏನಾದರೂ ಬೇಕು, ಅಲ್ವಾ? ನಮ್ಮ ಮನೆಯಲ್ಲಿ ಆಗ ಕುಡಿ ತಂಬುಳಿ, ಅಂದರೆ ಎಳೆ ಚಿಗುರನ್ನು ಅರೆದು ಮಜ್ಜಿಗೆ ಬೆರೆಸಿದ ತಂಪು ಪದಾರ್ಥ.

ನಾನು ಚಿವುಟುವುದು ಹೆಚ್ಚಾಗಿ ಗುಡ್ಡದ ಗಿಡಗಳಾದ ಕುಂಟಾಲ, ನೆಕ್ಕರಿಕ, ಕೇಪಳದ ಕುಡಿ. ಹಿತ್ತಲಿನ ಪೇರಳೆಯದ್ದೂ ನಾಲ್ಕು ಸೇರಿಸುತ್ತೇನೆ. ತುದಿಯ ಎರಡು ಎಲೆ ಸಾಕು. ಉಗುರು ತಾಗಿಸಿದರೆ ಪಟ್ಟನೆ ಮುರಿಯಬೇಕು. ನಾರು ಎಳೆದುಕೊಂಡು ಬಂದರೆ ಅದು ಬಲಿತಿದೆ, ಬಿಟ್ಟುಬಿಡಿ. ಒಂದೇ ಗಿಡವನ್ನು ಬೋಳು ಮಾಡಬಾರದು.

ಗುರುತು ಸಿಗದ ಚಿಗುರನ್ನು ಮುಟ್ಟಲೇಬೇಡಿ. ಚೇರೆ ಮರದ ಸೊನೆ ತಾಗಿದರೆ ಮೈಯೆಲ್ಲ ಬೊಕ್ಕೆ ಏಳುತ್ತದೆ. ಗೇರಿನ ಕುಡಿಯೂ ತಂಬುಳಿಗೆ ಆಗುತ್ತದೆ. ಆದರೆ ಗೇರು ಚಿಗುರುವ ಹೊತ್ತಿಗೇ ತೋಟಗಳಲ್ಲಿ ಟೀ ಸೊಳ್ಳೆ ಎಂಬ ರಸ ಹೀರುವ ಕೀಟಕ್ಕೆ ಔಷಧಿ ಹೊಡೆಯುತ್ತಾರೆ. ಹಾಗಾಗಿ ಬೇರೆಯವರ ಗೇರು ಗುಡ್ಡದಿಂದ ನಾನು ಕುಡಿ ತರುವುದಿಲ್ಲ.

ಒಂದು ಹಿಡಿ ಕುಡಿಗೆ ಒಂದು ಚಮಚ ತುಪ್ಪ, ಒಂದು ಚಮಚ ಜೀರಿಗೆ, ಆರೇಳು ಕಾಳುಮೆಣಸು. ಮೊದಲು ಜೀರಿಗೆ, ಮೆಣಸು ಹುರಿದು, ಆಮೇಲೆ ತೊಳೆದು ನೀರು ಸೋರಿಸಿದ ಕುಡಿ ಹಾಕಿ. ಸಣ್ಣ ಉರಿ ಇರಲಿ. ಕೆಲವರು ಕುಡಿಯನ್ನು ನೀರಿನಲ್ಲಿ ಬೇಯಿಸಿ ಅರೆಯುತ್ತಾರೆ. ನನಗೆ ಅದು ಹಿಡಿಸುವುದಿಲ್ಲ, ತುಪ್ಪದಲ್ಲಿ ಬಾಡಿದ ಕುಡಿಯ ಘಮವೇ ಬೇರೆ. ಎಲೆ ಪೂರ್ತಿ ಬಾಡಿ, ಹಸಿ ವಾಸನೆ ಹೋಗುವ ತನಕ ಕೈಯಾಡಿಸುತ್ತಾ ಇರಬೇಕು. ಇಲ್ಲಿ ಅವಸರ ಮಾಡಿದರೆ ಒಗರು ನಾಲಿಗೆಗೆ ಅಂಟುತ್ತದೆ.

ತಣಿದ ಮೇಲೆ ಅರ್ಧ ಕಪ್ ತೆಂಗಿನ ತುರಿ ಸೇರಿಸಿ ನುಣ್ಣಗೆ ಅರೆಯಿರಿ. ಎರಡು ಲೋಟ ಮಜ್ಜಿಗೆ, ಉಪ್ಪು ಬೆರೆಸಿ. ಮಜ್ಜಿಗೆ ತೀರಾ ಹುಳಿ ಇದ್ದರೆ ಕುಡಿಯ ರುಚಿಯೇ ಮುಚ್ಚಿಹೋಗುತ್ತದೆ. ಒಗರು ಇನ್ನೂ ಉಳಿದಿದೆ ಅನಿಸಿದರೆ ಸಣ್ಣ ತುಂಡು ಬೆಲ್ಲ ಹಾಕಿ. ಸಾಸಿವೆ, ಒಣಮೆಣಸು, ಕರಿಬೇವಿನ ಒಗ್ಗರಣೆ ಕೊಟ್ಟರೆ ಆಯಿತು. ಮತ್ತೆ ಕುದಿಸಬಾರದು, ಒಡೆಯುತ್ತದೆ.

ಬಿಸಿ ಕುಚ್ಚಿಲಕ್ಕಿ ಅನ್ನಕ್ಕೆ ಮೊದಲು ಇದನ್ನೇ ಬಡಿಸುತ್ತೇನೆ. ಹೊಟ್ಟೆ ಕೆಟ್ಟಾಗ ಮನೆಯವರು ಕೇಳಿ ಮಾಡಿಸಿಕೊಳ್ಳುವುದೂ ಇದನ್ನೇ.

ಹೆಚ್ಚು ಕುಡಿ ಸಿಕ್ಕ ದಿನ ನೆರಳಿನಲ್ಲಿ ಒಣಗಿಸಿ ಡಬ್ಬಿಗೆ ತುಂಬುತ್ತೇನೆ. ಮಳೆಗಾಲದಲ್ಲಿ ಅದನ್ನು ಸ್ವಲ್ಪ ಹೊತ್ತು ನೀರಿನಲ್ಲಿ ನೆನೆಸಿ ಹುರಿದರೆ ಸಾಕು. ಹಸಿ ಕುಡಿಯಷ್ಟು ಘಮ ಇರುವುದಿಲ್ಲ, ಅದಕ್ಕೆ ಮೆಣಸು ಎರಡು ಕಾಳು ಜಾಸ್ತಿ ಹಾಕುತ್ತೇನೆ.