ಬೋಲ್ಟ್ ಜಾಮ್ ಆದ್ರ ಪಾನಾಕ್ಕ ಪೈಪ್ ಹಾಕಬ್ಯಾಡ್ರಿ, ಮೊದ್ಲು ಇದು ಓದ್ರಿ

ಹೋದ ಬ್ಯಾಸಗ್ಯಾಗ ನಂದು ಹಳೇ 100 ಸಿಸಿ ಗಾಡಿ ಸೈಲೆನ್ಸರ್ ಬುಡದಾಗ ಫಟ್ ಫಟ್ ಅನ್ಲಾಕತ್ತಿತ್ತು, ಗ್ಯಾಸ್ಕೆಟ್ ಹೋಗಿರ್ತದ, ಅರ್ಧ ತಾಸಿನ ಕೆಲಸ ಅಂತ ಅಂಗಳದಾಗ ಕುಂತೆ. ಎರಡು ನಟ್ಟಿನಾಗ ಒಂದು ಬಂತು, ಇನ್ನೊಂದು ಹಂದಲೇ ಇಲ್ಲ, ಸಿಟ್ಟಿಗೆದ್ದು ಪಾನಾಕ್ಕ ಪೈಪ್ ಸಿಗಿಸಿ ಎಳದೆ, ಟಕ್ ಅಂತು, ಸ್ಟಡ್ (ಇಂಜಿನ್ನಾಗ ಕುಂತಿರೋ, ನಟ್ ಹಾಕೋ ತಲಿ ಇಲ್ದ ಬೋಲ್ಟ್) ಮುರದು ನಟ್ಟಿನ ಸಂಗಟ ಕೈಯಾಗ ಬಂತು. ಅರ್ಧ ತಾಸಿಂದು ಮೂರು ದಿನ ಆಯ್ತು. ಆ ಮೂರು ದಿನದಾಗ ಕಲ್ತಿದ್ದೇ ಇಲ್ಲಿ ಬರೀಲಾಕತ್ತೀನಿ.

ಜಾಮ್ ಯಾಕ ಆಗ್ತದ ಅಂದ್ರ, ಜಂಗ್ ಹಿಡದ ಕಬ್ಬಣ ಮೊದಲಿಗಿಂತ ಹೆಚ್ಚು ಜಾಗಾ ತಿಂತದ, ಚೂಡಿ (ಬೋಲ್ಟಿನ ಸುರುಳಿ ಗೆರಿ) ನಡುವ ಉಬ್ಬಿ ಕುಂದರ್ತದ. ಅದರಾಗ ಇಂಜಿನ್ ಅಲ್ಯುಮಿನಿಯಂ, ಬೋಲ್ಟ್ ಕಬ್ಬಣ, ನೀರು ಸೇರಿದ್ರ ಕಬ್ಬಣದ ಸಂಗಟ ಇರೋ ಅಲ್ಯುಮಿನಿಯಂ ಸವದು ಪುಡಿ ಆಗಿ ಚೂಡಿಯಾಗ ಹಿಡ್ಕೊಂಡು ಕುಂದರ್ತದ. ನಮ್ ಕಡಿ ಯರಿ ಮಣ್ಣು ಗೊತ್ತೇ ಅದಲ್ರಿ, ಮಳಿಗಾಲದಾಗ ಹೊಲಕ್ಕ ಹೋಗಿ ಬಂದ್ರ ಆಕ್ಸಲ್ ಸುತ್ತ ಮೆತ್ಕೊಂಡು ವಾರಗಟ್ಲೆ ಹಸಿ ಬಿಡಂಗಿಲ್ಲ.

ಅದಕ್ಕ ಪಾನಾ ಮುಟ್ಟೋಕಿಂತ ಮೊದ್ಲು ವೈರ್ ಬ್ರಶ್ಶಿಲೆ ಮಣ್ಣು, ಜಂಗ್ ಎಲ್ಲಾ ತಿಕ್ಕಿ ತಗೀರಿ, ಮಣ್ಣಿನ ಮ್ಯಾಲ ಎಣ್ಣಿ ಹೊಡದ್ರ ಮಣ್ಣೇ ಕುಡೀತದ. ಆಮ್ಯಾಗ ಡಬ್ಲ್ಯುಡಿ-40 (ಜಂಗ್ ಸಡಲ ಮಾಡೋ ಸ್ಪ್ರೇ) ಆಗ್ಲಿ, ಇಲ್ಲಾಂದ್ರ ಡೀಸಲ್ ಆಗ್ಲಿ ಹಾಕಿ, ಸಣ್ಣ ಹತೋಡಿಲೆ ಬೋಲ್ಟಿನ ತಲಿ ಮ್ಯಾಲ ಟಕ ಟಕ ಅಂತ ಬಡೀರಿ, ಜೋರಿಲೆ ಅಲ್ಲ, ಆ ಅದುರಿಗೇ ಎಣ್ಣಿ ಒಳಗ ಇಳೀತದ. ರಾತ್ರಿ ಹಾಕಿ ಮುಂಜಾನಿ ಮತ್ತೊಮ್ಮೆ ಹಾಕ್ರಿ. ಇಷ್ಟಕ್ಕೇ ಅರ್ಧಕ್ಕರ್ಧ ಬೋಲ್ಟ್ ಬರ್ತಾವ, ಆದ್ರ ಈ ಒಂದು ರಾತ್ರಿ ತಡಿಯೋದೇ ನಮ್ಮಿಂದ ಆಗಂಗಿಲ್ಲ.

ಬಿಚ್ಚೋವಾಗ ಓಪನ್ ಪಾನಾ ಬ್ಯಾಡ, ಆರು ಮೂಲಿ ಇರೋ ಗೋಟಿ (ಸಾಕೆಟ್) ಹಾಕ್ರಿ, ಇಲ್ಲಾಂದ್ರ ನಟ್ಟಿನ ಮೂಲಿ ಸವದು ಗುಂಡಗ ಆಗ್ತದ. ಮೊದ್ಲು ಒಂದೀಟು ಟೈಟ್ ಮಾಡೋ ಕಡಿ ತಿರಗ್ಸಿ ಜಂಗ್ ಒಡೀರಿ, ಆಮ್ಯಾಗ ಲೂಸ್. ಕಾಲು ಸುತ್ತು ಬಂದ್ರ ವಾಪಸ್ ಅರ್ಧ ಕಾಲು ಹೋಗ್ರಿ, ಎಣ್ಣಿ ಬಿಡ್ರಿ, ಮತ್ತ ಬರ್ರಿ. ಕೈಗೆ ಗೊತ್ತಾಗ್ತದ್ರಿ, ಬಿಚ್ಚೋ ಬೋಲ್ಟ್ ಕಿರ್ರ್ ಅಂತ ಚೀರ್ತದ, ಮುರಿಯೋ ಬೋಲ್ಟ್ ಸದ್ದಿಲ್ದಂಗ ರಬ್ಬರ್ ಗತೆ ಮೆತ್ತಗ ತಿರಗ್ತದ. ಮೆತ್ತಗ ಅನಿಸ್ತೋ, ಅಲ್ಲೇ ಕೈ ಬಿಡ್ರಿ. ನಂಗೂ ಅವತ್ತು ಮೆತ್ತಗೇ ಅನಿಸಿತ್ತು, ಬಂತು ಬಂತು ಅಂತ ಖುಷಿ ಪಟ್ಟಿದ್ದೆ.

ಎಣ್ಣಿಗೆ ಬಗ್ಗಲಿಲ್ಲ ಅಂದ್ರ ಬೆಂಕಿ. ಕಲಬುರಗಿ ಬಿಸಲಿಗೇ ಬಿಚ್ಚಬೇಕಿತ್ತಲ್ಲ ಅಂತ ನಮ್ ಕಾಕಾ ನಕ್ರು, 42 ಡಿಗ್ರಿ ಅದಕ್ಕ ಏನೂ ಅಲ್ರಿ. ಕಾಸಿದ್ರ ಅಲ್ಯುಮಿನಿಯಂ ಕಬ್ಬಣಕಿಂತ ಹೆಚ್ಚುಕಮ್ಮಿ ಎರಡು ಪಟ್ಟು ಹಿಗ್ಗತದ, ಅದಕ್ಕ ಬೋಲ್ಟ್ ಕಾಸಬ್ಯಾಡ್ರಿ, ಸುತ್ತಲಿನ ಅಲ್ಯುಮಿನಿಯಂ ಕಾಸ್ರಿ. ಗ್ಯಾಸ್ ಬೆಂಕಿ ಟಾರ್ಚ್ ಹಚ್ಚೋಕಿಂತ ಮೊದ್ಲು ಪೆಟ್ರೋಲ್ ಟ್ಯಾಂಕ್ ತಗದು ದೂರ ಇಡ್ರಿ, ಹೊಡದ ಎಣ್ಣಿ ಒರಸ್ರಿ. ಬ್ರೇಕ್ ಕ್ಲೀನರ್ ಹೊಡದ ಜಾಗಾಕ್ಕ ಬೆಂಕಿ ಹಿಡೀಲೇ ಬಾರ್ದು, ಕೆಲವದ್ರಾಗ ಕ್ಲೋರಿನ್ ಇರ್ತದ, ಕಾದ್ರ ವಿಷದ ಗ್ಯಾಸ್ ಆಗ್ತದ. ಶಾಕಪ್ಸರ್ ಹತ್ರಾನೂ ಬ್ಯಾಡ.

ಕ್ರ್ಯಾಂಕ್‌ಕೇಸಿನ (ಇಂಜಿನ್ ಕೆಳಗಿನ ಕವಚದ) ಸ್ಟಾರ್ ಸ್ಕ್ರೂಗೆ ಇಂಪ್ಯಾಕ್ಟ್ ಸ್ಕ್ರೂಡ್ರೈವರ್ ತಗೋರಿ, ಹತೋಡಿ ಏಟು ಹಾಕಿದ್ರ ತಿರಗೋ ಅಂಥದು. ಜಪಾನ್ ಡಿಸೈನ್ ಗಾಡಿಗಳ ಸ್ಕ್ರೂ ಭಾಳ ಕಡಿ ಜೆಐಎಸ್ (ಜಪಾನಿನ ಸ್ಟ್ಯಾಂಡರ್ಡ್) ಅಳತೆದು, ನಮ್ ಸಾದಾ ಫಿಲಿಪ್ಸ್ ಪೂರಾ ಕುಂದರದೇ ಮ್ಯಾಲ ಎದ್ದು ತಲಿ ಕೆತ್ತತದ.

ಇನ್ನ ಮುರದೇ ಹೋಯ್ತು ಅಂದ್ರ? ತುಂಡು ಹೊರಗ ಚಾಚಿದ್ರ ಪುಣ್ಯಾ, ಎರಡು ನಟ್ ಒಂದಕ್ಕೊಂದು ಲಾಕ್ ಮಾಡಿ ಕೆಳಗಿಂದು ತಿರಗ್ಸಿರಿ. ಚೂಡಿ ಉಳಿದಿಲ್ಲಾಂದ್ರ ವೆಲ್ಡಿಂಗ್ ಅಂಗಡಿಗೆ ಒಯ್ದು ಅದರ ಮ್ಯಾಲ ಒಂದು ನಟ್ ಬೆಸೀರಿ, ಬೆಸಿಗೆ ಕಾವಿಗೇ ಒಳಗಿನ ಜಂಗ್ ಬಿಡ್ತದ. ಒಳಗೇ ಮುರದಿದ್ರ ಪಂಚಿಲೆ ಬರೋಬ್ಬರಿ ನಡುವ ಗುರುತು ಹೊಡದು ಸಣ್ಣ ಡ್ರಿಲ್ಲಿಂದ ಶುರು ಮಾಡ್ರಿ, ಉಲ್ಟಾ ತಿರಗೋ ಲೆಫ್ಟ್ ಹ್ಯಾಂಡ್ ಬಿಟ್ ಸಿಕ್ರ ಚಲೋ, ಕೊರೀತ ಕೊರೀತನೇ ತುಂಡು ಹೊರಗ ಬರೋದೂ ಉಂಟು. ಮುರದ ತುಂಡಿನ ತೂತಿನಾಗ ಸಿಗಿಸಿ ಉಲ್ಟಾ ತಿರಗ್ಸಿ ತಗಿಯೋ ಈಸಿ ಔಟ್ ಅಂತ ಮಾರ್ತಾರಲ್ಲ, 6 ಎಂಎಂ ಸ್ಟಡ್ಡಿಗೆ ನಾ ಅಂತೂ ಹಾಕಂಗಿಲ್ಲ. ಅದು ಭಾಳ ಗಟ್ಟಿ ಉಕ್ಕು, ಒಳಗ ಮುರದ್ರ ಸಾದಾ ಡ್ರಿಲ್ ಅದನ್ನ ಕೊರಿಯಂಗಿಲ್ಲ. ನಂದು ಎರಡನೇ ದಿನ ಹಂಗೇ ಆಗಿದ್ದು, ಕಡಿಗೆ ಇಂಜಿನ್ ಹೆಡ್ ಬಿಚ್ಚಿ ಲೇಥ್ ಅಂಗಡಿಗೇ ಒಯ್ದೆ. ಚೂಡಿ ಹೋಗಿತ್ತು, ಹೆಲಿಕಾಯಿಲ್ (ಹೊಸ ಚೂಡಿ ಆಗೋ ತಂತಿ ಸುರುಳಿ) ಹಾಕಿ ಕೊಟ್ರು.

ವಾಪಸ್ ಹಾಕೋವಾಗ ಚೂಡಿಗೆ ಕಾಪರ್ ಗ್ರೀಸ್ ತೆಳ್ಳಗ ಹಚ್ಚಿ, ಸಣ್ಣ ಪಾನಾಲೆ ಮಣಿಕಟ್ಟಿನ ಜೋರಿಗೆ ಟೈಟ್ ಮಾಡ್ರಿ, 6 ಎಂಎಂ ಬೋಲ್ಟಿಗೆ 10 ನ್ಯೂಟನ್ ಮೀಟರ್ ಸುಮಾರು ಸಾಕು. ಬ್ರೇಕ್, ಹ್ಯಾಂಡಲ್ ಬೋಲ್ಟ್ ಜಾಮ್ ಆಗಿ ಬಂದಿದ್ರ ಹಳೇದು ಒಗದು ಹೊಸಾದು ಹಾಕ್ರಿ. ಹಾಂ, ಕೆಲವು ಗಾಡಿ ಬಲಗಡಿ ಕನ್ನಡಿಗೆ ಉಲ್ಟಾ ಚೂಡಿ ಇರ್ತದ, ಜಾಮ್ ಆಗ್ಯಾದ ಅಂತ ತಿಳ್ಕೊಂಡು ನೀವೇ ಟೈಟ್ ಮಾಡ್ಕೋತ ಕುಂತೀರಿ. ಸೈಲೆನ್ಸರ್ ನಟ್ ಮಾತ್ರ ಎರಡು ದಿನ ಗಾಡಿ ಓಡಿಸಿ, ಇಂಜಿನ್ ತಣ್ಣಗಾದ ಮ್ಯಾಲ ಇನ್ನೊಮ್ಮೆ ಪಾನಾ ಹಚ್ಚಿ ನೋಡ್ರಿ, ಪೈಪ್ ಇಲ್ದಂಗ.